ಯೂರಿಯಾ ಚೀಲದಿಂದ ಗೇಲ್ ಷೇರಿನವರೆಗೆ: ನನ್ನ ಅನುಭವ

ಗ್ಯಾಸ್ ಮಾರುವ ಕಂಪನಿಗಿಂತ ಗ್ಯಾಸ್ ಸಾಗಿಸುವ ಕಂಪನಿಯ ಮೇಲೆ ದುಡ್ಡು ಹಾಕಬೇಕು. 2020ರಿಂದ ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಭಾವನಂತೂ, "ಅಲ್ಲ ಕಣಪ್ಪಾ, ಆ ದುಡ್ಡಲ್ಲಿ ಗೆಜ್ಜಲಗೆರೆ ಕಡೆ ಒಂದು ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ರೆ ಕಣ್ಣಿಗಾದ್ರೂ ಕಾಣೋದು. ನೆಲದೊಳಗಿರೋ ಪೈಪ್ ನಂಬ್ಕೊಂಡು ಕೂತಿದ್ದೀಯಲ್ಲ" ಅಂದಿದ್ದರು. ಈಗ ತಿಂಗಳಿಗೊಮ್ಮೆ ಅವರೇ ಫೋನ್ ಮಾಡಿ, "ಯಾವಾಗ ತಗೊಳ್ಳೋದು?" ಅಂತ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಬರೆದುಬಿಡುತ್ತೇನೆ. ಡಿಮ್ಯಾಟ್ ಏನು, ಬೋನಸ್ ಏನು ಅಂತ ವಿವರಿಸಲ್ಲ. ಷೇರು ಹಿಡಿದು ಅಭ್ಯಾಸ ಇರುವವರಿಗೆ ಇದು. ಅಂಕಿಗಳೆಲ್ಲ ನೆನಪಿನಿಂದ ಬರೆದಿರುವುದು, ಸ್ವಲ್ಪ ಆಚೀಚೆ ಇರಬಹುದು.

ನಮ್ಮದು ಮಂಡ್ಯದಲ್ಲಿ ಗೊಬ್ಬರದ ಅಂಗಡಿ. ಅಪ್ಪನ ಕಾಲದಿಂದ ಮಂಗಳ ಯೂರಿಯಾ ಮಾರಿಕೊಂಡು ಬಂದವರು. ಮಂಗಳೂರು ಪಣಂಬೂರಿನ ಆ ಕಾರ್ಖಾನೆ ನಾಫ್ತಾ ಅನ್ನುವ ಪೆಟ್ರೋಲಿಯಂ ಎಣ್ಣೆ ಮೇಲೆ ಓಡುತ್ತಿತ್ತು. ಕೊಚ್ಚಿಯಿಂದ ಪೈಪ್‌ಲೈನ್ ಬರುತ್ತದೆ, ಬಂದ ಮೇಲೆ ಗ್ಯಾಸ್‌ಗೆ ಬದಲಾಗುತ್ತೇವೆ ಅಂತ ಡೀಲರ್ ಮೀಟಿಂಗ್‌ಗಳಲ್ಲಿ ವರ್ಷಗಟ್ಟಲೆ ಕೇಳಿದ್ದೆ. ಊಟ ಮಾಡಿ ಎದ್ದು ಬರುತ್ತಿದ್ದೆವು, ಅಷ್ಟೇ. 2020ರಲ್ಲಿ ಅದು ನಿಜವಾಗುವ ಹಂತಕ್ಕೆ ಬಂತು. ವರ್ಷದ ಕೊನೆಗೆ ಕಾರ್ಖಾನೆಗೆ ಗ್ಯಾಸ್ ಸಿಕ್ಕಿತು. 450 ಕಿಲೋಮೀಟರ್ ಉದ್ದದ ಕೊಚ್ಚಿ-ಮಂಗಳೂರು ಲೈನ್ 2021ರ ಜನವರಿ 5ಕ್ಕೆ ಉದ್ಘಾಟನೆ ಆಯಿತು. ಅದೇ ಹೊತ್ತಿಗೆ ಗೋರಖ್‌ಪುರ, ಸಿಂದ್ರಿ, ಬರೌನಿ ಅಂತ ಮುಚ್ಚಿಹೋಗಿದ್ದ ಯೂರಿಯಾ ಕಾರ್ಖಾನೆಗಳೂ ಏಳುತ್ತಿದ್ದವು. ಒಂದೊಂದಕ್ಕೂ ವರ್ಷಕ್ಕೆ 12.7 ಲಕ್ಷ ಟನ್ ಸಾಮರ್ಥ್ಯ. ಎಲ್ಲವೂ ಗ್ಯಾಸ್ ಮೇಲೆ. ರೈತನಿಗೆ ಮಾತ್ರ 45 ಕೆಜಿ ಚೀಲ ಅದೇ 266 ರೂಪಾಯಿ ಚಿಲ್ಲರೆಗೆ. ಉಳಿದದ್ದು ಸರ್ಕಾರದ ಸಬ್ಸಿಡಿ. ಗ್ಯಾಸ್ ಬೆಲೆ ಎಷ್ಟೇ ಏರಲಿ, ಯೂರಿಯಾ ನಿಲ್ಲಿಸುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ. ಹಾಗಾದರೆ ಪೈಪು ಖಾಲಿ ಇರಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು.

2020ರ ದಸರಾ ಆಸುಪಾಸಿನಲ್ಲಿ, ಆ ಪೈಪು ಹಾಕಿದ ಸರ್ಕಾರಿ ಕಂಪನಿ ಗೇಲ್‌ನ ಷೇರು 85ರಿಂದ 90ರ ಒಳಗೆ ಸಿಗುತ್ತಿತ್ತು. ಅಮೆರಿಕದಿಂದ ವರ್ಷಕ್ಕೆ 58 ಲಕ್ಷ ಟನ್ ಎಲ್‌ಎನ್‌ಜಿ (ದ್ರವ ಮಾಡಿ ಹಡಗಿನಲ್ಲಿ ತರುವ ಗ್ಯಾಸ್) ಕೊಳ್ಳುವ ದೀರ್ಘಾವಧಿ ಒಪ್ಪಂದ ಅದರ ತಲೆ ಮೇಲಿತ್ತು. ಆ ವರ್ಷ ಬೇಸಿಗೆಯಲ್ಲಿ ಏಷ್ಯಾದ ಬಿಡಿ ಮಾರುಕಟ್ಟೆಯಲ್ಲಿ ಎಲ್‌ಎನ್‌ಜಿ ಎಂಎಂಬಿಟಿಯುಗೆ (ಗ್ಯಾಸ್ ಅಳೆಯುವ ಶಾಖದ ಲೆಕ್ಕ) 2 ಡಾಲರಿಗೂ ಕೆಳಗೆ ಬಿದ್ದಿತ್ತು. ದುಬಾರಿಗೆ ಒಪ್ಪಿಕೊಂಡ ಗ್ಯಾಸ್ ಯಾರು ಕೊಳ್ಳುತ್ತಾರೆ ಅಂತ ಎಲ್ಲರೂ ಷೇರು ಬಿಟ್ಟಿದ್ದರು. ನಾನು ಸುಮಾರು 2000 ಷೇರು ಎತ್ತಿದೆ, ಒಂದೂಮುಕ್ಕಾಲು ಲಕ್ಷದ ಹತ್ತಿರ ಆಯಿತು. ಒಂದು ಭಾಗ ಮನೆಯವರ ಡಿಮ್ಯಾಟ್‌ನಲ್ಲಿ, ಅವರ ಹಾಲಿನ ದುಡ್ಡಿನಲ್ಲಿ. ಮುಂದೆ ಮಾರುವಾಗ ತೆರಿಗೆ ಲೆಕ್ಕಕ್ಕೆ ಇದು ತುಂಬಾ ಉಪಯೋಗಕ್ಕೆ ಬಂತು.

ಹಡಗಿನಲ್ಲಿ ಬಂದ ಎಲ್‌ಎನ್‌ಜಿ ಇಳಿಸಿಕೊಂಡು ಮತ್ತೆ ಗ್ಯಾಸ್ ಮಾಡುವ ಪೆಟ್ರೋನೆಟ್ ಕಂಪನಿಯ ಕಥೆ ಬೇರೆ. ಅಲ್ಲಿ ಎರಡೂವರೆ ವರ್ಷ ನನ್ನ ದುಡ್ಡು ಅಲುಗಾಡಲಿಲ್ಲ. ಕೊಚ್ಚಿಯಲ್ಲಿ ಅವರ 50 ಲಕ್ಷ ಟನ್ನಿನ ಟರ್ಮಿನಲ್ 2013ರಲ್ಲೇ ತಯಾರಾಗಿತ್ತು. ಹಡಗು ಬರಬಹುದು, ಆದರೆ ಗ್ಯಾಸ್ ಹೊರಗೆ ಕಳಿಸಲು ಪೈಪ್ ಇಲ್ಲ! ವರ್ಷಗಟ್ಟಲೆ ಬಹುಪಾಲು ಖಾಲಿ ಕೂತಿತ್ತು. ಮಂಗಳೂರು ಲೈನ್ ಆಯಿತಲ್ಲ, ಇನ್ನು ತುಂಬುತ್ತದೆ ಅಂತ 2021ರ ಆರಂಭದಲ್ಲಿ 250ರ ಹತ್ತಿರ 500 ಷೇರು ತಗೊಂಡೆ. ತುಂಬಲಿಲ್ಲ. ಒಂದು ಗೊಬ್ಬರ ಕಾರ್ಖಾನೆ, ಒಂದಿಷ್ಟು ಕೈಗಾರಿಕೆ ಸೇರಿ ಅಷ್ಟು ದೊಡ್ಡ ಟರ್ಮಿನಲ್ ತುಂಬಿಸಲು ಆಗಲ್ಲ. ಕೊಯಮತ್ತೂರಿನಿಂದ ಮುಂದೆ ಬೆಂಗಳೂರು ಕಡೆಗೆ ಬರಬೇಕಾದ ಲೈನ್ ರೈತರ ಜಮೀನಿನ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಷೇರು 250ರಿಂದ 210, 205 ಅಂತ ಇಳಿಯುತ್ತಾ ಹೋಯಿತು. ವರ್ಷಕ್ಕೆ ಷೇರಿಗೆ 10 ರೂಪಾಯಿ ಆಸುಪಾಸಿನ ಡಿವಿಡೆಂಡ್ ಬರುತ್ತಿತ್ತು. ಅದೊಂದೇ ಸಮಾಧಾನ. ಅಂಗಡಿಯಲ್ಲಿ ಕೂತು ಟೀ ಕುಡಿಯುವ ಗೆಳೆಯರು ಬ್ಯಾಂಕಿನ ಎಫ್‌ಡಿ ಬಡ್ಡಿ ಲೆಕ್ಕ ಹಾಕಿ ತೋರಿಸುತ್ತಿದ್ದರು.

2022 ಇನ್ನೂ ಕಷ್ಟದ ವರ್ಷ. ಉಕ್ರೇನ್ ಯುದ್ಧ ಶುರುವಾದ ಮೇಲೆ ಎಲ್‌ಎನ್‌ಜಿ ಬಿಡಿ ಬೆಲೆ 70 ಡಾಲರ್ ದಾಟಿತು. ರಷ್ಯಾದ ಗಾಜ್‌ಪ್ರಾಮ್‌ನ ಹಳೆಯ ಅಂಗಸಂಸ್ಥೆಯಿಂದ ಗೇಲ್‌ಗೆ ಬರಬೇಕಿದ್ದ ಹಡಗುಗಳೇ ನಿಂತವು. ಆ ಸೆಪ್ಟೆಂಬರ್‌ನಲ್ಲಿ ಎರಡು ಷೇರಿಗೆ ಒಂದು ಬೋನಸ್ ಬಂದು ನನ್ನ 2000 ಷೇರು 3000 ಆಯಿತು ನಿಜ. ಆದರೆ 2023ರ ಜನವರಿ ಕೊನೆಗೆ ಬಂದ ತ್ರೈಮಾಸಿಕ ಫಲಿತಾಂಶದಲ್ಲಿ ಲಾಭ 246 ಕೋಟಿ ಮಾತ್ರ. ಹಿಂದಿನ ವರ್ಷ ಅದೇ ತ್ರೈಮಾಸಿಕದಲ್ಲಿ 3,200 ಕೋಟಿ ದಾಟಿತ್ತು. ನನ್ನ ಬ್ರೋಕರ್ ಆಫೀಸಿನ ಹುಡುಗ, "ಸರ್, ಮಾರಿ ಹೊರಗೆ ಬನ್ನಿ" ಅಂತ ಎರಡು ಸಲ ಫೋನ್ ಮಾಡಿದ.

ನಾನು ಲಾಭದ ಸಾಲು ಬಿಟ್ಟು ಸಾಗಣೆಯ ಸಾಲು ನೋಡಿದೆ. ಗ್ಯಾಸ್ ಮಾರಾಟದಲ್ಲಿ, ಪಾಲಿಮರ್‌ನಲ್ಲಿ (ಗೇಲ್ ಮಾಡುವ ಪ್ಲಾಸ್ಟಿಕ್ ಕಚ್ಚಾಮಾಲು) ಹೊಡೆತ ಬಿದ್ದಿತ್ತು. ಪೈಪಿನಲ್ಲಿ ಮಾತ್ರ ದಿನಕ್ಕೆ 10 ಕೋಟಿ ಘನ ಮೀಟರಿಗೂ ಜಾಸ್ತಿ ಗ್ಯಾಸ್ ಹರಿಯುತ್ತಲೇ ಇತ್ತು. ಅಂಥ ಕೆಟ್ಟ ವರ್ಷದಲ್ಲೂ ಹರಿವು ನಿಂತಿಲ್ಲ ಅಂದರೆ ಇನ್ನೇನು ಬೇಕು? ಫೆಬ್ರವರಿಯಲ್ಲಿ 95ರ ಹತ್ತಿರ ಇನ್ನೂ 1000 ತಗೊಂಡೆ. ಮಾರ್ಚ್ ಕೊನೆಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ಅಂದರೆ ಪಿಎನ್‌ಜಿಆರ್‌ಬಿ, ಗೇಲ್‌ನ ಪೈಪ್ ಬಾಡಿಗೆಯನ್ನು ಎಂಎಂಬಿಟಿಯುಗೆ 58 ರೂಪಾಯಿ ಚಿಲ್ಲರೆಗೆ ಏರಿಸಿತು. ಸುಮಾರು ಶೇ 45ರಷ್ಟು ಏರಿಕೆ. ಏಪ್ರಿಲ್ 1ರಿಂದ ಇಡೀ ದೇಶದ ಜಾಲಕ್ಕೆ ಏಕರೂಪ ದರ ಬಂತು. 300 ಕಿಲೋಮೀಟರ್‌ವರೆಗೆ ಒಂದು, 1200ರವರೆಗೆ ಒಂದು, ಅದರಾಚೆಗೆ ಒಂದು ದರ ಅಂತ ಆಗ ಇತ್ತು. ಮೊದಲು ಗ್ಯಾಸ್ ಎರಡು ಮೂರು ಕಂಪನಿಗಳ ಪೈಪು ದಾಟಿ ಬಂದರೆ ಪ್ರತಿ ಪೈಪಿಗೂ ಬೇರೆ ಬೇರೆ ಬಾಡಿಗೆ ಕಟ್ಟಬೇಕಿತ್ತು. ಕರಾವಳಿ ಟರ್ಮಿನಲ್‌ನಿಂದ ದೂರ ಇರುವ ಕಾರ್ಖಾನೆಗೆ ಗ್ಯಾಸ್ ಕೈಗೆಟುಕುತ್ತಿರಲಿಲ್ಲ. ಈಗ ದೂರದ ಗಿರಾಕಿಯೂ ಬರುತ್ತಾನೆ, ಹರಿವು ಹೆಚ್ಚುತ್ತದೆ. ಮುಂದಿನ ಎರಡು ವರ್ಷದಲ್ಲಿ ಗೇಲ್ ಪೈಪಿನ ಹರಿವು ದಿನಕ್ಕೆ 12 ಕೋಟಿ, ಆಮೇಲೆ ಹನ್ನೆರಡೂವರೆ ಕೋಟಿ ಘನ ಮೀಟರ್ ದಾಟಿತು. ಎಫ್‌ಡಿ ಲೆಕ್ಕ ತೋರಿಸುತ್ತಿದ್ದವರಿಗೆ ಆ ಅಂಕಿ ನಾನೇ ಓದಿ ಹೇಳಿದೆ.

2023ರ ಅಕ್ಟೋಬರ್‌ನಲ್ಲಿ ಪೆಟ್ರೋನೆಟ್ ಕೂಡ ಅಗ್ಗಕ್ಕೆ ಕೊಳ್ಳಲು ಬಾಗಿಲು ತೆರೆಯಿತು. ದಹೇಜ್‌ನಲ್ಲಿ 20 ಸಾವಿರ ಕೋಟಿಗೂ ಮೀರಿದ ಪೆಟ್ರೋಕೆಮಿಕಲ್ ಘಟಕ ಕಟ್ಟುತ್ತೇವೆ ಅಂತ ಅವರು ಹೇಳಿದ್ದೇ ತಡ, ಷೇರು 200ರ ಆಸುಪಾಸಿಗೆ ಬಂತು. ನನಗೂ ಆ ಘಟಕ ಇಷ್ಟ ಇಲ್ಲ, ಈಗಲೂ ಇಲ್ಲ. ಟರ್ಮಿನಲ್ ನಡೆಸುವವರು ಪ್ಲಾಸ್ಟಿಕ್‌ಗೆ ಯಾಕೆ ಹೋಗಬೇಕು? ಆದರೆ 1 ಕೋಟಿ 75 ಲಕ್ಷ ಟನ್ನಿನ ದಹೇಜ್ ಟರ್ಮಿನಲ್‌ಗೆ ಹಡಗು ಬರುವುದು ನಿಂತಿರಲಿಲ್ಲ. ಕತಾರ್ ಜೊತೆಗಿನ 75 ಲಕ್ಷ ಟನ್ ಒಪ್ಪಂದ 2028ಕ್ಕೆ ಮುಗಿಯುವುದಿತ್ತು, ಮುಂದುವರಿಯುತ್ತದೆ ಅಂತ ನನಗೆ ನಂಬಿಕೆ ಇತ್ತು. ಇನ್ನೂ 1000 ಷೇರು ಹಾಕಿದೆ. 2024ರ ಫೆಬ್ರವರಿಯಲ್ಲಿ ಆ ಒಪ್ಪಂದ 2048ರವರೆಗೆ ಮುಂದುವರಿಯಿತು.

2024ರ ಆಗಸ್ಟ್‌ನಲ್ಲಿ ಮಾರಿದೆ. ಗೇಲ್ 1500 ಷೇರು 230ರ ಮೇಲೆ, ಪೆಟ್ರೋನೆಟ್ ಅರ್ಧ 350ರ ಹತ್ತಿರ. ಗೇಲ್‌ಗೆ ಹಾಕಿದ ಅಸಲು ಪೂರ್ತಿ ವಾಪಸ್ ಬಂದು ಮೇಲೆ 70-75 ಸಾವಿರ ಉಳಿಯಿತು. ಉಳಿದ 2500 ಷೇರಿನ ಮೇಲೆ ಈಗ ನನ್ನ ಒಂದು ರೂಪಾಯಿಯೂ ಇಲ್ಲ. ದೀರ್ಘಾವಧಿ ಲಾಭದ ತೆರಿಗೆ ಆ ಜುಲೈನಲ್ಲಷ್ಟೇ ಶೇ 12.5 ಆಗಿತ್ತು. ಇಬ್ಬರ ಖಾತೆಯಲ್ಲೂ 1.25 ಲಕ್ಷದ ವಿನಾಯಿತಿ ಇದ್ದದ್ದರಿಂದ ಕಟ್ಟಿದ್ದು ಕಡಿಮೆ.

ನಗರ ಗ್ಯಾಸ್ ಕಂಪನಿಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ. ಮನೆಗೆ ಪೈಪ್, ಬಂಕ್‌ನಲ್ಲಿ ಸಿಎನ್‌ಜಿ, ಕಣ್ಣಿಗೆ ಕಾಣುತ್ತದಲ್ವಾ? ಮೈಸೂರಿನಲ್ಲಿ ಪೈಪ್ ಹಾಕಲು ರಸ್ತೆ ಅಗೆಯುವ ವಿಚಾರ 2022ರಲ್ಲಿ ಎಷ್ಟು ದೊಡ್ಡ ಜಗಳ ಆಯಿತು ಅಂತ ನಿಮಗೆ ನೆನಪಿರಬಹುದು. ಅದನ್ನು ನೋಡಿಯೇ ನನಗೆ ಒಂದು ವಿಷಯ ಮನಸ್ಸಿಗೆ ಬಂತು. ಲೈಸೆನ್ಸ್ ಕೈಯಲ್ಲಿದ್ದರೂ ಪಾಲಿಕೆ, ರಸ್ತೆ, ಮಳೆ, ಚುನಾವಣೆ ಎಲ್ಲ ದಾಟಿ ಮನೆ ಬಾಗಿಲಿಗೆ ಹೋಗಬೇಕು. ಆದರೂ ಪಟ್ಟಿಯಲ್ಲಿ ಇಂಥದ್ದೊಂದು ಇರಲಿ ಅಂತ ಹೊರ ರಾಜ್ಯದ ಒಂದು ಕಂಪನಿಯಲ್ಲಿ ಒಂದೂವರೆ ಲಕ್ಷ ಇಟ್ಟಿದ್ದೆ. 2023ರ ಏಪ್ರಿಲ್‌ನಲ್ಲಿ ನಗರ ಕಂಪನಿಗಳಿಗೆ ಸಿಗುವ, ದೇಶದ ಹಳೆ ಬಾವಿಗಳ ಗ್ಯಾಸ್‌ಗೆ ಹೊಸ ಸೂತ್ರ ಬಂತು. ಕಚ್ಚಾ ತೈಲದ ಬೆಲೆಯ ಶೇ 10, ಕೆಳಗೆ 4 ಡಾಲರ್, ಮೇಲೆ ಆರೂವರೆ ಡಾಲರ್ ಮಿತಿ. ಅದಕ್ಕೆ ಮುಂಚೆ ಆರು ತಿಂಗಳು 8.57 ಡಾಲರ್ ಇತ್ತು. ಎಲ್ಲರೂ ಸಿಹಿ ಹಂಚಿದರು.

ಆದರೆ ಇದು ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ನಿಗದಿ ಮಾಡುವ ದರ) ಇದ್ದ ಹಾಗೆ. ದರ ಘೋಷಣೆ ಆದರೆ ಸಾಕಾ? ಕಾರ್ಖಾನೆಯಿಂದ ಕಟಿಂಗ್ ಆರ್ಡರ್ ಸಿಗಬೇಕಲ್ಲ! ಗದ್ದೆಯಲ್ಲಿ ಕಬ್ಬು ಒಣಗುತ್ತಿದ್ದರೆ ಆ ದರ ತಗೊಂಡು ಏನು ಮಾಡೋದು? ಅಗ್ಗದ ಗ್ಯಾಸ್‌ಗೆ ಬೆಲೆ ನಿಗದಿ ಆಗಿತ್ತು, ಪ್ರಮಾಣಕ್ಕೆ ಗ್ಯಾರಂಟಿ ಇರಲಿಲ್ಲ. ಹಳೆ ಬಾವಿಗಳ ಉತ್ಪಾದನೆ ಇಳಿಯುತ್ತಾ ಬಂತು. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ನಗರ ಕಂಪನಿಗಳ ಪಾಲನ್ನು ಎರಡು ಸಲ, ಪ್ರತಿ ಸಲ ಶೇ 20ರ ಆಸುಪಾಸು ಕಡಿತ ಮಾಡಿದರು. ಕೊರತೆಯನ್ನು ದುಬಾರಿ ಗ್ಯಾಸ್‌ನಿಂದ ತುಂಬಬೇಕು. ನವೆಂಬರ್‌ನ ಆ ಸೋಮವಾರ ಕೆಲವು ಷೇರು ಒಂದೇ ದಿನ ಶೇ 15ಕ್ಕೂ ಜಾಸ್ತಿ ಕುಸಿದವು. ನಾನು 40 ಸಾವಿರ ಚಿಲ್ಲರೆ ನಷ್ಟದಲ್ಲಿ ಹೊರಬಂದೆ. ಜನವರಿಯಲ್ಲಿ ಪಾಲು ಸ್ವಲ್ಪ ವಾಪಸ್ ಕೊಟ್ಟರು. ನಾನು ಮಾತ್ರ ವಾಪಸ್ ಹೋಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ, ಅಂದರೆ ಪ್ರೆಸ್‌ಮಡ್‌ನಿಂದ ಬಯೋಗ್ಯಾಸ್. ಕೇಂದ್ರದ ಸತತ್ ಯೋಜನೆ 2018ರಲ್ಲಿ ಬಂದಾಗ ಕೆಜಿಗೆ 46 ರೂಪಾಯಿ ಕೊಟ್ಟು ಕೊಳ್ಳುತ್ತೇವೆ ಅಂದಿದ್ದರು. ನಾಲ್ಕು ಜನ ಸೇರಿ ಘಟಕ ಹಾಕೋಣ ಅಂತ ಮಾತಾಡಿದೆವು. ಮೊದಲು ನಾನು ಹಿತ್ತಲಿನಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಸಗಣಿ ಬಗ್ಗಡ ಹಾಕಿ, ಪ್ರೆಸ್‌ಮಡ್ ಕಲಸಿ, ಮೇಲೆ ಲಾರಿ ಟ್ಯೂಬ್ ಕಟ್ಟಿದೆ. ಪ್ರೆಸ್‌ಮಡ್ ಗುಡ್ಡೆ ಒಳಗೆ ಕೈ ಇಟ್ಟರೆ ಸುಡುತ್ತದೆ, ಬೆಳಗಿನ ಹೊತ್ತು ಹೊಗೆಯಾಡುತ್ತದೆ. ಕೆಲವು ವಾರದಲ್ಲಿ ಟ್ಯೂಬ್ ಉಬ್ಬಿತು. ಒಲೆ ಹಚ್ಚಿದರೆ ನೀಲಿ ಉರಿ, ಜೊತೆಗೆ ಕೊಳೆತ ಮೊಟ್ಟೆ ವಾಸನೆ. ಬರ್ನರ್ ಕಪ್ಪಾಯಿತು. ಕಬ್ಬಿಣದ ಪುಡಿ ತುಂಬಿದ ಪೈಪಿನಲ್ಲಿ ಗ್ಯಾಸ್ ಹಾಯಿಸಿದ ಮೇಲೆ ವಾಸನೆ ಅರ್ಧ ಹೋಯಿತು. ಆ ಪುಡಿಯನ್ನು ಹೇಗೆ ತಯಾರು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಉತ್ಸಾಹದಲ್ಲಿ ಜಾಸ್ತಿ ಪ್ರೆಸ್‌ಮಡ್ ಸುರಿದಾಗ ಹುಳಿ ಹಿಡಿದು ಗ್ಯಾಸ್ ನಿಂತಿತು. ಸುಣ್ಣದ ನೀರು ಹಾಕಿದ ಮೇಲೆ ಮತ್ತೆ ಶುರುವಾಯಿತು.

ದೊಡ್ಡ ಘಟಕದ ಲೆಕ್ಕ ಮಾತ್ರ ಕೂಡಲಿಲ್ಲ. ಕಾರ್ಖಾನೆ ಅರೆಯುವುದು ವರ್ಷದಲ್ಲಿ ಕೆಲವೇ ತಿಂಗಳು, ಘಟಕ ಓಡಬೇಕಾದ್ದು ಇಡೀ ವರ್ಷ. ಗುಡ್ಡೆ ಹಾಕಿಟ್ಟರೆ ಗ್ಯಾಸ್ ಕೊಡುವ ಸತ್ವವೇ ಹೋಗಿಬಿಡುತ್ತದೆ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರೆ ಸಿಗುತ್ತಿದ್ದ ಪ್ರೆಸ್‌ಮಡ್‌ಗೆ ಈಗ ರೇಟು ಬಂದಿದೆ. ಬ್ಯಾಂಕಿನವರು ಮೊದಲು ಕೇಳಿದ್ದೇ ವರ್ಷಪೂರ್ತಿ ಕಚ್ಚಾಮಾಲಿನ ಒಪ್ಪಂದ. ಉಳಿಯುವ ಬಗ್ಗಡದ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ಸಹಾಯಧನ 2023ರಲ್ಲಿ ಘೋಷಣೆ ಆಗಿತ್ತು. ಆದರೆ ನಮ್ಮ ರೈತ ಅದನ್ನು ದುಡ್ಡು ಕೊಟ್ಟು ಒಯ್ಯಲು ಇನ್ನೂ ತಯಾರಿಲ್ಲ, ನಾನು ಅಂಗಡಿಯಲ್ಲಿ ದಿನಾ ನೋಡುತ್ತೇನೆ. 2025-26ರಿಂದ ನಗರ ಗ್ಯಾಸ್‌ಗೆ ಶೇ 1 ಬಯೋಗ್ಯಾಸ್ ಸೇರಿಸಬೇಕು, 2028-29ಕ್ಕೆ ಶೇ 5 ಆಗಬೇಕು ಅಂತ ನಿಯಮ ಬಂದಿದೆ. ಆಗ ಮತ್ತೆ ಲೆಕ್ಕ ಹಾಕಿ ನೋಡುತ್ತೇನೆ. ಡ್ರಮ್ ಹಿತ್ತಲಲ್ಲೇ ಇದೆ.

ಈಗ ಯಾರಾದರೂ ಹೊಸದಾಗಿ ಶುರು ಮಾಡುವುದಾದರೆ, ಪೆಟ್ರೋಲಿಯಂ ಸಚಿವಾಲಯದ ಅಂಕಿಅಂಶ ವಿಭಾಗವಾದ ಪಿಪಿಎಸಿಯ ತಿಂಗಳ ವರದಿಯನ್ನು ತಪ್ಪದೆ ನೋಡಿ. ಎಷ್ಟು ಎಲ್‌ಎನ್‌ಜಿ ಬಂತು, ಗೊಬ್ಬರಕ್ಕೆ ಎಷ್ಟು ಹೋಯಿತು, ನಗರಕ್ಕೆ ಎಷ್ಟು ಹೋಯಿತು, ಎಲ್ಲ ಅದರಲ್ಲಿದೆ. ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಅದರಲ್ಲಿ ಯಾವ ಎರಡು ಸಾಲು ಪಕ್ಕಪಕ್ಕ ಇಟ್ಟು ಕೊಳ್ಳುವ ತಿಂಗಳು ತೀರ್ಮಾನಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಭಾವನಿಗೂ ಹೇಳಿಲ್ಲ. 2030ಕ್ಕೆ ದೇಶದ ಇಂಧನದಲ್ಲಿ ಗ್ಯಾಸ್ ಪಾಲು ಶೇ 15 ಆಗುತ್ತದೆ ಅನ್ನುವ ಸರ್ಕಾರದ ಗುರಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈಗ ಇರುವುದು 6-7. ಅದು 9 ಆದರೂ ಪೈಪಿನವರಿಗೆ ಸಾಕು.

ಬಾಕಿ ಇರುವ ದೊಡ್ಡ ಸುಧಾರಣೆ ಜಿಎಸ್‌ಟಿ. 2017ರಿಂದ ಗ್ಯಾಸ್ ಅದರ ಹೊರಗೇ ಇದೆ, ರಾಜ್ಯಕ್ಕೊಂದು ವ್ಯಾಟ್. ಕಾರ್ಖಾನೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಗ್ಯಾಸ್ ಮೇಲೆ ಕಟ್ಟಿದ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳುವ ಅವಕಾಶ, ಸಿಗಲ್ಲ. ಒಳಗೆ ತಂದರೆ ಫರ್ನೇಸ್ ಆಯಿಲ್ ಸುಡುವ ಎಷ್ಟೋ ಕಾರ್ಖಾನೆಗಳು ಗ್ಯಾಸ್ ಕಡೆ ತಿರುಗುತ್ತವೆ. ರಾಜ್ಯಗಳು ಆದಾಯ ಬಿಟ್ಟುಕೊಡಲು ಒಪ್ಪುವುದು ಕಷ್ಟ, ಹಾಗಾಗಿ ಅದನ್ನೇ ನಂಬಿ ದುಡ್ಡು ಹಾಕಬೇಡಿ. ನಾನು ಮುಂದಿನ ದರ ಆದೇಶಕ್ಕೆ ಕಾಯುತ್ತಿದ್ದೇನೆ. ಮಾರುಕಟ್ಟೆ ಹೆದರಿ ಷೇರು ಬಿದ್ದರೆ ಕೊಳ್ಳಲು ಒಂದೂವರೆ ಲಕ್ಷ ಬೇರೆಯೇ ಎತ್ತಿಟ್ಟಿದ್ದೇನೆ. ಕಬ್ಬಿನ ಬಿಲ್ ಬಂದರೆ ಇನ್ನೊಂದು 50 ಸಾವಿರ ಸೇರುತ್ತದೆ.