ಎಫ್1 ಒತ್ತಿದರೆ ಕನ್ನಡ ಬರಲಿ

ಮಳೆಗಾಲದ ಒಂದು ಸಂಜೆ. ಪೆರ್ಲದ ಮನೆಯಲ್ಲಿ ಅಕ್ಕನ ಮಗಳು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕಹಾಳೆ ತಂತ್ರಾಂಶ ತೆರೆದು ಕೂತಿದ್ದಳು. ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ. ಎರಡು ಕೋಶಗಳನ್ನು, ಅಂದರೆ ಸೆಲ್‌ಗಳನ್ನು, ಸೇರಿಸಿ ಒಂದು ಮಾಡುವುದು ಹೇಗೆಂದು ಗೊತ್ತಾಗದೆ ಎಫ್1 ಒತ್ತಿದಳು. ಮೆನು ಕನ್ನಡದಲ್ಲಿತ್ತು, ಬಂದ ಸಹಾಯ ಪುಟ ಮಾತ್ರ ಇಂಗ್ಲಿಷ್. "ಮಾವಾ, ಇದು ಕನ್ನಡದಲ್ಲಿ ಇಲ್ವಾ?" ಎಂದು ಕೇಳಿದಳು. ಯಾರಾದರೂ ಅನುವಾದ ಮಾಡಿದರೆ ಇರುತ್ತದೆ ಎಂದೆ. ಹಾಗೆ ಹೇಳಿ ಸುಮ್ಮನಿರಲು ಮನಸ್ಸಾಗಲಿಲ್ಲ. ಅಂದು ರಾತ್ರಿಯೇ ಅನುವಾದದ ತಾಣದಲ್ಲಿ ಖಾತೆ ತೆರೆದೆ.

ಕಾಸರಗೋಡಿನ ನಮಗೆ ಈ ಕೆಲಸ ದೂರದ್ದಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೇ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಬಳಕೆಯಲ್ಲಿದೆ. ಆ ಯೋಜನೆಯೇ ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆ. 2018ರಲ್ಲಿ ಅದು ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕೂಟಗಳನ್ನು ಶುರುಮಾಡಿತು. ಮಕ್ಕಳು ದಿನಾ ಮುಟ್ಟುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಅಂದರೆ ಅದರ ಅನುವಾದಕ್ಕೆ ಯಾರು ಬೇಕಾದರೂ ಕೈಹಾಕಬಹುದು, ಯಾವ ಕಂಪನಿಯ ಅಪ್ಪಣೆಯೂ ಬೇಡ. ಪ್ರೋಗ್ರಾಮಿಂಗ್ ಕೂಡ ಬೇಡ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಂಡು ಸರಳ ಕನ್ನಡದಲ್ಲಿ ಬರೆಯಲು ಬಂದರೆ ಸಾಕು.

ಮೊದಲು ಕೀಲಿಮಣೆ

ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲೇ ಟೈಪ್ ಮಾಡಬೇಕು. ಹಳೆಯ ಡಿಟಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಇಲ್ಲಿ ಬರೀ ಗೀಚಿದಂತೆ ಕಾಣುತ್ತದೆ. ಲಿನಕ್ಸಿನ ಕೀಲಿಮಣೆ ಸೆಟ್ಟಿಂಗಿನಲ್ಲಿ ಕನ್ನಡ ಹುಡುಕಿದರೆ ಇನ್‌ಸ್ಕ್ರಿಪ್ಟ್ ಜೊತೆ ಕಗಪ ವಿನ್ಯಾಸವೂ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕಗಪ ಸುಲಭ.

ಎಲ್ಲಿ, ಯಾವುದು?

ಲಿಬ್ರೆಆಫೀಸ್ ಅನುವಾದ ನಡೆಯುವುದು ವೆಬ್‌ಲೇಟ್ ಎಂಬ ತಾಣದಲ್ಲಿ. ಫೈರ್‌ಫಾಕ್ಸ್ ಬ್ರೌಸರಿಗೆ ಪಾಂಟೂನ್ ಎಂಬ ತಾಣ ಇದೆ. ಹೊಸಬರು ಒಂದನ್ನು ಮಾತ್ರ ಹಿಡಿಯಿರಿ, ಅದೂ ನೀವು ದಿನಾ ಬಳಸುವುದನ್ನೇ. ಲಿಬ್ರೆಆಫೀಸಿನಲ್ಲಿ ಮೆನು, ಬಟನ್ನುಗಳ ಪದಗಳಿಗೆ ಒಂದು ವಿಭಾಗ, ಸಹಾಯ ಪುಟಗಳಿಗೆ ಇನ್ನೊಂದು. ನಮಗೆ ಬೇಕಾದ್ದು ಎರಡನೆಯದು. ನೂರಾರು ಪುಟಗಳ ಕೈಪಿಡಿಗೆ ಈಗಲೇ ಕೈಹಾಕಬೇಡಿ.

ಇಮೇಲ್ ಕೊಟ್ಟು ಖಾತೆ ತೆರೆದು ಕನ್ನಡವನ್ನು ಆರಿಸಿಕೊಳ್ಳಿ. ಹೊಸಬರು ಬರೆದದ್ದು ಹಲವು ಯೋಜನೆಗಳಲ್ಲಿ ಮೊದಲು ಸಲಹೆಯಾಗಿ ಮಾತ್ರ ಉಳಿಯುತ್ತದೆ. ಅನುಭವ ಇದ್ದವರು ನೋಡಿ ಒಪ್ಪಿದ ಮೇಲೆ ಸೇರುತ್ತದೆ. ಕನ್ನಡ ತಂಡದವರಿಗೆ ನಾಲ್ಕು ಸಾಲು ಬರೆದು ಪರಿಚಯ ಮಾಡಿಕೊಂಡರೆ ಒಳ್ಳೆಯದು. ಇಬ್ಬರು ಒಂದೇ ಪುಟದ ಮೇಲೆ ಕೂತು ದುಡಿಯುವುದು ತಪ್ಪುತ್ತದೆ.

ವಾಕ್ಯದ ಒಳಗೆ

ತೆರೆದಾಗ ಮೇಲೆ ಇಂಗ್ಲಿಷ್ ವಾಕ್ಯ, ಕೆಳಗೆ ಖಾಲಿ ಪೆಟ್ಟಿಗೆ. ನೋಡಲು ಸುಲಭ. ನಿಜವಾದ ಕೆಲಸ ಇಲ್ಲೇ ಇರುವುದು.

ವಾಕ್ಯಗಳ ನಡುವೆ ಕೋನದ ಆವರಣದಲ್ಲಿ ಕೆಲವು ಗುರುತುಗಳು ಬರುತ್ತವೆ. ಅಕ್ಷರ ದಪ್ಪ ಕಾಣಿಸಲು, ಇನ್ನೊಂದು ಪುಟಕ್ಕೆ ಕೊಂಡಿ ಹಾಕಲು ಅವು ಬೇಕು. ಅವುಗಳ ಒಳಗಿನದನ್ನು ಮುಟ್ಟಲೇಬಾರದು. ನನಗದು ತಿಳಿದಿರಲಿಲ್ಲ. ಆವರಣದೊಳಗಿನ ಪದಗಳನ್ನೂ ಶ್ರದ್ಧೆಯಿಂದ ಕನ್ನಡ ಮಾಡಿದ್ದೆ. ನನ್ನ ಮೊದಲ ಇಪ್ಪತ್ತು ವಾಕ್ಯಗಳು ಹಾಗೇ ವಾಪಸ್ ಬಂದವು. ಗುರುತು ಹೊಂದದಿದ್ದರೆ ವೆಬ್‌ಲೇಟ್ ಪಕ್ಕದಲ್ಲೇ ಎಚ್ಚರಿಕೆ ತೋರಿಸುತ್ತದೆ. ಅದನ್ನು ಓದದೆ ಮುಂದಿನ ವಾಕ್ಯಕ್ಕೆ ಹೋಗಬೇಡಿ.

ಇನ್ನೊಂದು ತೊಡಕು ನಮ್ಮ ವ್ಯಾಕರಣದ್ದು. "%1" ಎಂದು ಇದ್ದ ಕಡೆ, ತಂತ್ರಾಂಶ ಓಡುವಾಗ ಒಂದು ಹೆಸರು ಬಂದು ಕೂರುತ್ತದೆ. ಫೈಲಿನ ಹೆಸರೇ ಇರಲಿ. ಇಂಗ್ಲಿಷಿನಲ್ಲಿ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಹಾಗಲ್ಲ, ಅಲ್ವಾ? ಲೆಕ್ಕ ಎಂದಿದ್ದರೆ ಲೆಕ್ಕವನ್ನು, ಪಟ್ಟಿ ಎಂದಿದ್ದರೆ ಪಟ್ಟಿಯನ್ನು, ಊರು ಎಂದಿದ್ದರೆ ಊರನ್ನು. ಯಾವುದು ಬರುತ್ತದೆಂದು ಮೊದಲೇ ಗೊತ್ತಿಲ್ಲ. "%1 ಅನ್ನು ಅಳಿಸಿ" ಎಂದು ಬರೆದರೆ ತೆರೆಯ ಮೇಲೆ "ಪಟ್ಟಿ ಅನ್ನು ಅಳಿಸಿ" ಎಂದು ಬರುತ್ತದೆ. ಉಪಾಯ ಇದೆ. ವಿಭಕ್ತಿಯನ್ನು ಹೊರಲು ಒಂದು ಪದ ಸೇರಿಸಿ: "%1 ಎಂಬ ಕಡತವನ್ನು ಅಳಿಸಿ". ಈಗ ಯಾವ ಹೆಸರು ಬಂದರೂ ವಾಕ್ಯ ನೆಟ್ಟಗಿರುತ್ತದೆ. "%1", "%2" ಎರಡೂ ಇದ್ದರೆ ಅವುಗಳ ಜಾಗ ಹಿಂದೆಮುಂದೆ ಮಾಡಬಹುದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹಲವು ಸಲ ಮಾಡಲೇಬೇಕಾಗುತ್ತದೆ.

ಮಾಡು, ಮಾಡಿ ಎಂಬ ವ್ಯತ್ಯಾಸವೂ ಇದೆ. ಬಟನ್ನಿನಲ್ಲಿ ನಾವು ಕಂಪ್ಯೂಟರಿಗೆ ಹೇಳುತ್ತೇವೆ, ಹಾಗಾಗಿ "ಉಳಿಸು". ಸಹಾಯ ಪುಟ ಓದುವವರಿಗೆ ಹೇಳುತ್ತದೆ, ಹಾಗಾಗಿ "ಒತ್ತಿ". ಎರಡೂ ಸೇರಿದಾಗ "ಉಳಿಸು ಎಂಬುದನ್ನು ಒತ್ತಿ" ಎಂದಾಗುತ್ತದೆ. ಇಲ್ಲಿ ಮೆನುವಿನಲ್ಲಿ ಇರುವ ಪದವನ್ನೇ ಅಕ್ಷರಕ್ಕೆ ಅಕ್ಷರ ಹಾಕಬೇಕು. ಮೆನುವಿನಲ್ಲಿ "ಕಡತ" ಎಂದಿದ್ದು ನೀವು "ಫೈಲ್" ಎಂದು ಬರೆದರೆ, ಮಗು ಆ ಪದವನ್ನು ತೆರೆಯಲ್ಲಿ ಹುಡುಕಿ ಸುಸ್ತಾಗುತ್ತದೆ. ನನಗೂ ಫೈಲ್ ಎಂಬುದೇ ಇಷ್ಟ. ಆದರೂ ಇಲ್ಲಿ ಕಡತವೇ ಸರಿ.

ಪಕ್ಕದ ಮನೆಯ ಮಲಯಾಳಂ

ಪದ ಹೊಳೆಯದಿದ್ದಾಗ ವೆಬ್‌ಲೇಟಿನಲ್ಲಿ ಅದೇ ವಾಕ್ಯದ ಬೇರೆ ಭಾಷೆಗಳ ಅನುವಾದವನ್ನೂ ನೋಡಬಹುದು. ಮಲಯಾಳಂ ಓದಲು ಬರುವ ನಮಗೆ ಇದು ದೊಡ್ಡ ಅನುಕೂಲ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು 2002ರಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ಉದ್ದದ ಇಂಗ್ಲಿಷ್ ವಾಕ್ಯವನ್ನು ಅವರು ಎಲ್ಲಿ ಮುರಿದರು, ಎಲ್ಲಿ ಕಟ್ಟಿದರು ಎಂದು ನೋಡಿದರೆ ನಮಗೂ ದಾರಿ ಕಾಣುತ್ತದೆ. ಪದಗಳನ್ನು ಮಾತ್ರ ಎತ್ತಿಕೊಳ್ಳಬೇಡಿ. ಜೋಪಾನವಾಗಿ ಇಡುವುದಕ್ಕೆ ಅವರು ಸೂಕ್ಷಿಕ್ಕುಗ ಎನ್ನುತ್ತಾರೆ. ನಮ್ಮಲ್ಲಿ ಸೂಕ್ಷ್ಮ ಎಂದರೆ ಬೇರೆಯೇ. ಗಡಿಯಲ್ಲಿ ಬೆಳೆದವರ ಬಾಯಲ್ಲಿ ಇಂಥವು ಗೊತ್ತಿಲ್ಲದೆ ಬೆರೆಯುತ್ತವೆ. ಬೀದರಿನ ಹುಡುಗನಿಗೂ ಇದು ಅರ್ಥವಾಗುತ್ತದಾ ಎಂದು ಒಮ್ಮೆ ಕೇಳಿಕೊಳ್ಳಿ.

ಯಂತ್ರಾನುವಾದವನ್ನು ಕರಡಿನಂತೆ ನೋಡಬಹುದು, ಹಾಗೇ ಅಂಟಿಸಬಾರದು. ಅದನ್ನು ತಿದ್ದುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಬೇಕಾಗುತ್ತದೆ.

ದಿನಕ್ಕೆ ಹತ್ತು ವಾಕ್ಯ ಸಾಕು. ಲಿಬ್ರೆಆಫೀಸಿನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ ಬರುತ್ತದೆ. ಅದಕ್ಕೆ ಮೊದಲು ಒಂದು ಪುಟವನ್ನಾದರೂ ಪೂರ್ತಿ ಮುಗಿಸಲು ನೋಡಿ. ಅನುವಾದ ಆಗದ ವಾಕ್ಯ ಇಂಗ್ಲಿಷಿನಲ್ಲೇ ಕಾಣಿಸುತ್ತದೆ. ಅರ್ಧರ್ಧ ಆದ ಹತ್ತು ಪುಟಗಳಿಗಿಂತ ಮುಗಿದ ಒಂದು ಪುಟ ಉಪಯೋಗಕ್ಕೆ ಬರುತ್ತದೆ.

ಮಗುವಿನ ಕೈಗೆ ಕೊಡಿ

ಪುಟ ಮುಗಿದ ಮೇಲೆ ಅದನ್ನು ಓದಿ ಕೆಲಸ ಮಾಡಲು ಯಾರಿಗಾದರೂ ಹೇಳಿ. ಪಕ್ಕದಲ್ಲಿ ಕೂತಿರಿ, ಬಾಯಿ ಬಿಡಬೇಡಿ. ಅಕ್ಕನ ಮಗಳಿಗೆ ಕೊಟ್ಟಾಗ ಅವಳು ಮೂರನೇ ಸಾಲಿನಲ್ಲಿ ನಿಂತಳು. "ಆಯ್ದ ಕೋಶಗಳು ವಿಲೀನಗೊಳ್ಳುತ್ತವೆ" ಎಂದು ಬರೆದಿದ್ದೆ. ವಿಲೀನ ಎಂದರೇನು ಎಂದು ಕೇಳಿದಳು. "ಆಯ್ದ ಕೋಶಗಳು ಸೇರಿ ಒಂದೇ ಕೋಶವಾಗುತ್ತವೆ" ಎಂದು ತಿದ್ದಿದೆ. ಮತ್ತೆ ಓದಿದಳು, ಏನೂ ಕೇಳದೆ ಮೌಸ್ ಹಿಡಿದಳು.

ಕೆಲವೊಮ್ಮೆ ಕಷ್ಟದ ಪದ ಮೆನುವಿನಲ್ಲೇ ಇರುತ್ತದೆ. ಆಗ ಸಹಾಯ ಪುಟದಲ್ಲಿ ಮಾತ್ರ ಬದಲಿಸಬೇಡಿ. ಮೆನು ವಿಭಾಗಕ್ಕೆ ಹೋಗಿ ಅಲ್ಲಿ ಹೊಸ ಪದವನ್ನು ಸಲಹೆಯಾಗಿ ಹಾಕಿ, ಮಗು ಎಲ್ಲಿ ಎಡವಿತು ಎಂಬುದನ್ನೂ ಕೆಳಗೆ ಬರೆಯಿರಿ. ತಂಡ ಒಪ್ಪಿದ ದಿನ ಎರಡೂ ಕಡೆ ಒಟ್ಟಿಗೆ ತಿದ್ದಿ.