ಸಿಡಿಲು ಬಿದ್ದು ಮೂರು ದಿನದ ಮೇಲೆ ಏಳುವ ಬೆಂಕಿ

ನಮ್ಮ ತೋಟ ಕೊಡಚಾದ್ರಿಯ ಬುಡದಲ್ಲಿದೆ. ತೋಟದ ಮೇಲೆ ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಗುಡ್ಡದ ಜಾಗ, ಬ್ಯಾಣ ದಾಟಿದರೆ ಮೂಕಾಂಬಿಕಾ ಅಭಯಾರಣ್ಯ. ಮಲೆನಾಡಿನ ಕಾಡಿಗೆ ಬೀಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯರೇ ಹಾಕಿದ್ದು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಜೋರಾಗಿ, ಮಳೆ ನಾಲ್ಕು ಹನಿಯಷ್ಟೇ ಬಿದ್ದರೆ ಸಿಡಿಲಿನಿಂದಲೂ ಬೆಂಕಿ ಹುಟ್ಟಬಹುದು. ಅಶ್ವಿನಿ ಮಳೆ ಬಂತು, ಇನ್ನು ಚಿಂತೆ ಇಲ್ಲ ಅಂತ ಎಲ್ಲರೂ ಗುಡ್ಡದ ಕಡೆ ನೋಡುವುದನ್ನೇ ಬಿಡುತ್ತಾರೆ. ನೋಡಬೇಕಾದ್ದು ಆಗಲೇ.

ಸಿಡಿಲು ಹೆಚ್ಚಾಗಿ ಬೀಳುವುದು ದಿಬ್ಬದ ಮೇಲಿನ ಎತ್ತರದ ಮರಕ್ಕೆ. ಮರ ಒಣಗಿದ್ದರೆ, ಒಳಗೆ ಟೊಳ್ಳಾಗಿದ್ದರೆ, ಕೆಂಡ ಒಳಗೇ ಉಳಿಯುತ್ತದೆ. ಹೊರಗೆ ಸುರಿದ ಮಳೆ ಅದಕ್ಕೆ ತಾಗುವುದಿಲ್ಲ. ಅಡಿಕೆ ಸಿಪ್ಪೆಯ ರಾಶಿಗೆ ಬಿದ್ದ ಕಿಡಿಯ ಹಾಗೆ, ಉರಿ ಕಾಣಿಸದೆ ದಿನಗಟ್ಟಲೆ ಸುಡುತ್ತಾ ಇರುತ್ತದೆ. ಎರಡು ಮೂರು ದಿನ ಬಿಸಿಲು ಹೊಡೆದು ದರಗು (ಉದುರಿದ ಎಲೆ) ಒಣಗಿ, ಮಧ್ಯಾಹ್ನ ಗಾಳಿ ಎದ್ದಾಗ ಸುಟ್ಟ ಕೊಂಬೆ ಮುರಿದು ಕೆಳಗೆ ಬಿತ್ತೋ, ಒಣಹುಲ್ಲು ಹತ್ತಿಕೊಂಡಿತು.

ಹಾಗಾಗಿ ಗುಡುಗಿನ ದಿನವೇ ಕೆಲಸ ಶುರು ಮಾಡಿ. ಮನೆಯೊಳಗೇ ಇರಿ, ಕಿಟಕಿಯಿಂದ ನೋಡಿದರೆ ಸಾಕು. ಮಿಂಚು ಕಂಡು ಎಷ್ಟು ಸೆಕೆಂಡಿಗೆ ಶಬ್ದ ಬಂತು ಅಂತ ಎಣಿಸಿ. 3 ಸೆಕೆಂಡಿಗೆ ಹತ್ತಿರ ಹತ್ತಿರ 1 ಕಿಲೋಮೀಟರ್. ಯಾವ ದಿಕ್ಕು, ಎಷ್ಟು ದೂರ ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಕೂಡ ಸುತ್ತಮುತ್ತ ಬಿದ್ದ ಸಿಡಿಲನ್ನು ತೋರಿಸುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಅಂಗಳಕ್ಕೂ ಇಳಿಯಬೇಡಿ.

ಆಮೇಲೆ ನಾಲ್ಕೈದು ದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆ ದಿಕ್ಕನ್ನು ನೋಡುತ್ತಿರಿ. ಬೆಳಿಗ್ಗೆ ಮಂಜಿಗೂ ಹೊಗೆಗೂ ಗೊಂದಲ ಆಗುವುದು ಸಹಜ. ಮಂಜು ಬಿಸಿಲೇರಿದ ಹಾಗೆ ಕರಗುತ್ತದೆ. ಹೊಗೆ ಅದೇ ಜಾಗದಿಂದ ಮತ್ತೆ ಮತ್ತೆ ಏಳುತ್ತದೆ. ಉಪಗ್ರಹ ನೋಡಿಕೊಳ್ಳುತ್ತದೆ ಬಿಡಿ ಅನ್ನುವವರಿದ್ದಾರೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಬೆಂಕಿ ಎಚ್ಚರಿಕೆಯನ್ನು ಮೊಬೈಲಿಗೆ ಕಳಿಸುತ್ತದೆ, ಹೆಸರು ನೋಂದಾಯಿಸಿಕೊಳ್ಳಿ, ಒಳ್ಳೆಯದೇ. ಆದರೆ ಆ ಚಿತ್ರದ ಒಂದೊಂದು ಚುಕ್ಕಿಯೂ 375 ಮೀಟರ್ ಅಗಲದ ಜಾಗ. ದಟ್ಟ ಕಾನಿನ (ನಿತ್ಯಹಸಿರು ಕಾಡಿನ) ಕೆಳಗೆ ಒಂದು ಮರದ ಹೊಟ್ಟೆಯಲ್ಲಿರುವ ಕೆಂಡ ಅದಕ್ಕೆ ಕಾಣುವುದು ಕಷ್ಟ. ಊರಿನವರ ಕಣ್ಣಿಗೆ ಹೊಗೆ ಕಾಣುತ್ತದೆ.

ಹೊಗೆ ಖಚಿತವಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಿಮ್ಮ ಕಡೆಯ ಗಾರ್ಡ್, ವಾಚರ್ ನಂಬರ್ ಬೇಸಿಗೆಗೆ ಮೊದಲೇ ಇಟ್ಟುಕೊಂಡಿರಿ. ಸುಮ್ನೆ 'ಗುಡ್ಡಕ್ಕೆ ಬೆಂಕಿ' ಅಂದರೆ ಅವರು ಎಲ್ಲಿಗೆ ಅಂತ ಹೋಗಬೇಕು? ಹತ್ತಿರದ ಹಳ್ಳ ಯಾವುದು, ಯಾವ ಕಾಲುದಾರಿ ಹೋಗುತ್ತದೆ, ಸುತ್ತ ಇರುವುದು ಹುಲ್ಲುಗುಡ್ಡವೋ, ಅಕೇಶಿಯಾವೋ, ಕಾನೋ, ಗಾಳಿ ಯಾವ ಕಡೆಗಿದೆ ಅಂತ ಹೇಳಿ. ಹಸಿ ಕಾನಿನಲ್ಲಿ ಬೆಂಕಿ ನಿಧಾನ. ಹುಲ್ಲಿಗೆ ಬಂದರೆ ಓಡುತ್ತದೆ.

ಇಲಾಖೆಯವರ ಜೊತೆ ಆರಿಸಲು ಹೋಗುವವರು ಒಂದು ಮಾತನ್ನು ಮರೆಯಬಾರದು. ಬೆಂಕಿಗಿಂತ ಮೇಲೆ, ಏರಿನಲ್ಲಿ ನಿಲ್ಲಲೇಬೇಡಿ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಮೇಲಕ್ಕೆ ಏರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಸುಟ್ಟು ಕಪ್ಪಾದ ಜಾಗವನ್ನು ಬೆನ್ನಿಗಿಟ್ಟುಕೊಂಡು, ಪಕ್ಕದಿಂದ ಹಸಿಸೊಪ್ಪಿನಲ್ಲಿ ಬಡಿಯುತ್ತಾ ಬನ್ನಿ. ನೈಲಾನ್ ಬಟ್ಟೆ ಬೇಡ, ಹತ್ತಿಯದೇ ಇರಲಿ. ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಯನ್ನು ತಡೆಯಲು ಅದರ ಮುಂದೆ ನಾವೇ ಬೆಂಕಿ ಹಚ್ಚುವುದು, ನಮ್ಮ ಕೆಲಸ ಅಲ್ಲ. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ. ಗಾಳಿ ತಿರುಗಿದರೆ ಎರಡು ಬೆಂಕಿಯ ನಡುವೆ ಜನ ಸಿಕ್ಕಿಬೀಳುತ್ತಾರೆ. ಉರಿಯುವ ಟೊಳ್ಳುಮರದ ಹತ್ತಿರವೂ ಸುಳಿಯಬೇಡಿ, ಅದು ಯಾವಾಗ ಬೀಳುತ್ತದೆ ಅಂತ ಹೇಳಲಾಗದು.

ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಸಿಡಿಲಿನ ಬೆಂಕಿಯನ್ನು ಉರಿಯಲು ಬಿಡುತ್ತಾರಲ್ಲ, ಇಲ್ಲಿ ಯಾಕೆ ಆರಿಸಬೇಕು ಅಂತ ಕಾಲೇಜು ಓದುವ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಲ್ಲಿ 1972ರಿಂದ ಆ ಪದ್ಧತಿ ಇದೆ. ಆದರೂ 1988ರ ಒಣ ಬೇಸಿಗೆಯಲ್ಲಿ ಪಾರ್ಕಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಕಿಗೆ ಸಿಕ್ಕಿತು. ಹತೋಟಿಗೆ ಬಂದದ್ದು ಸೆಪ್ಟೆಂಬರಿನಲ್ಲಿ ಮಳೆ, ಹಿಮ ಬಿದ್ದ ಮೇಲೆ. ಅಲ್ಲಿನ ಲಾಡ್ಜ್‌ಪೋಲ್ ಪೈನ್ ಮರದ ಎಷ್ಟೋ ಕಾಯಿಗಳು ಬೆಂಕಿಯ ಶಾಖಕ್ಕೇ ಬಾಯಿಬಿಟ್ಟು ಬೀಜ ಉದುರಿಸುತ್ತವೆ. ನಮ್ಮ ಕಾನಿನ ಮರಗಳಿಗೆ ಅಂಥ ರೂಢಿ ಇಲ್ಲ, ತೆಳು ತೊಗಟೆಯ ಸಸಿಗಳು ಒಂದು ಬೆಂಕಿಗೇ ಸಾಯುತ್ತವೆ.

ತೋಟದ ಕಡೆಯ ತಯಾರಿ ಜನವರಿಯಲ್ಲೇ ಮುಗಿಯಲಿ. ಬ್ಯಾಣದ ಅಂಚಿನಲ್ಲಿ ದರಗು ಗುಡಿಸಿ, ಮಣ್ಣು ಕಾಣುವ ಹಾಗೆ ಬೆಂಕಿ ರೇಖೆ ಮಾಡಿ. ಮನೆ, ಕೊಟ್ಟಿಗೆಯ ಹೆಂಚಿನ ಮೇಲಿನ ಒಣ ಎಲೆಯನ್ನೂ ತೆಗೆಯಿರಿ.

ಹೊಗೆಯ ವಿಷಯವನ್ನು ಜನ ಹಗುರವಾಗಿ ನೋಡುತ್ತಾರೆ. ನನಗೆ ಇದೇ ಜಾಸ್ತಿ ಆತಂಕ. ಹಗಲು ಗಾಳಿ ಗುಡ್ಡ ಹತ್ತುತ್ತದೆ, ಹೊಗೆಯೂ ಮೇಲೆ ಹೋಗುತ್ತದೆ. ರಾತ್ರಿ ತಂಪು ಗಾಳಿ ಕೆಳಗೆ ಇಳಿದು ಹೊಗೆಯನ್ನು ನಮ್ಮ ಕಣಿವೆಯ ಮನೆಗಳಿಗೇ ತರುತ್ತದೆ. ಬಿಸಿಲು ಏರುವವರೆಗೂ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಸಂಜೆಯೇ ಕಿಟಕಿ ಮುಚ್ಚಿ, ಒಂದು ಕೋಣೆಯ ಸಂದುಗಳಿಗೆ ಬಟ್ಟೆ ತುರುಕಿ ಎಲ್ಲರೂ ಅಲ್ಲೇ ಮಲಗಿ. ಒಲೆ, ಊದುಬತ್ತಿ, ಸೊಳ್ಳೆಬತ್ತಿ ಬೇಡ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿದರೆ ಹಿತ ಅನ್ನಿಸುತ್ತದೆ, ಆದರೆ ಸಣ್ಣ ಕಣ ಅದರಲ್ಲಿ ನಿಲ್ಲುವುದಿಲ್ಲ. ಎನ್95 ಮಾಸ್ಕ್ ಬೇಕು. ಹೊಗೆ ಇಳಿಯುವ ಹೊತ್ತಿನಲ್ಲಿ ತೋಟದ ಕೆಲಸ ಬಿಡಿ. ದನಗಳನ್ನು ಕಟ್ಟಿಹಾಕಿ ಮನೆ ಬಿಟ್ಟು ಹೋಗಬೇಡಿ, ಹಗ್ಗ ಬಿಚ್ಚಿ ಹೋಗಿ. ಉಬ್ಬಸ ಇರುವ ಹಿರಿಯರು, ಬಸುರಿಯರು, ಎಳೆಮಕ್ಕಳನ್ನು ಕತ್ತಲಾಗುವ ಮೊದಲೇ ಹೊಸನಗರವೋ ಸಾಗರವೋ, ನೆಂಟರ ಮನೆಗೆ ಕಳಿಸಿ. ಅವರ ಮಾತ್ರೆ, ಇನ್‌ಹೇಲರ್ ಕೈಚೀಲದಲ್ಲಿ ಇದೆಯಾ ಅಂತ ನೀವೇ ತೆಗೆದು ನೋಡಿ.