ಹೆಡ್ ಬೋಲ್ಟ್ ಬಿಗಿ ಮಾಡುವ ಮೊದಲು ಮಾಡಬೇಕಾದ ಕೆಲಸ

ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್ ಹಾಳೆ, ಬದಲಾಯಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಟಾರ್ಕ್ (ಬೋಲ್ಟ್ ತಿರುಗಿಸುವ ಬಲ) ಎಷ್ಟು ಅಂತ. ನಮ್ಮ ಮನೆಯ ಮಾರುತಿ 800ಕ್ಕೆ, ಅಂದರೆ ಹಳೇ ಕಾರ್ಬುರೇಟರ್ ಮಾಡೆಲ್‌ಗೆ, ಗ್ಯಾಸ್ಕೆಟ್ ಹಾಕುವಾಗ ನನ್ನ ಹೊತ್ತೆಲ್ಲ ಹೋಗಿದ್ದು ಬೋಲ್ಟು, ಬೋಲ್ಟಿನ ತೂತು ತೊಳೆಯುವುದಕ್ಕೆ. ಟಾರ್ಕ್ ರೆಂಚ್ ಹಿಡಿದದ್ದು ಸ್ವಲ್ಪ ಹೊತ್ತು ಅಷ್ಟೇ.

ಗ್ಯಾಸ್ಕೆಟ್ ಹೋಗಿದೆ ಅನ್ನುವ ಅನುಮಾನ ಬಂದದ್ದು ನೀರಿನಿಂದ. ರೇಡಿಯೇಟರ್‌ನಲ್ಲಿ ನೀರು ಇಳಿಯುತ್ತಿತ್ತು, ಆದರೆ ಕೆಳಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ಗುಳ್ಳೆ ಏಳುತ್ತಿದ್ದವು. ಸಿಲಿಂಡರ್‌ನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ ಅಂತ ಅರ್ಥ. (ಎಂಜಿನ್ ಬಿಸಿ ಇದ್ದಾಗ ಮಾತ್ರ ಆ ಕ್ಯಾಪ್ ಮುಟ್ಟಬೇಡಿ.) ಕಂಪ್ರೆಷನ್ ಗೇಜ್ ಹಾಕಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಎರಡರಲ್ಲೂ ಕಡಿಮೆ ತೋರಿಸಿತು. ಆಮೇಲೆ ಅನುಮಾನ ಉಳಿಯಲಿಲ್ಲ. ಪುಣ್ಯಕ್ಕೆ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಬೆಳ್ಳಗಾಗಿರಲಿಲ್ಲ, ಅಂದರೆ ಅದಕ್ಕೆ ನೀರು ಬೆರೆತಿರಲಿಲ್ಲ.

ಗ್ಯಾಸ್ಕೆಟ್ ಸುಮ್ನೆ ತಾನಾಗಿ ಹೋಗುವುದು ಅಪರೂಪ. ಹುಡುಕಿದರೆ ಎಂಜಿನ್ ಬಿಸಿಯಾದಾಗ ಫ್ಯಾನ್ ಶುರು ಮಾಡುವ ಥರ್ಮೋ ಸ್ವಿಚ್ ಸತ್ತಿತ್ತು. ಜೊತೆಗೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದು ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿತ್ತು. ಇವೆರಡನ್ನೂ ಸರಿ ಮಾಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಸುಡುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಕೂಲೆಂಟ್ ಇಳಿಸಿ, ಟೈಮಿಂಗ್ ಗುರುತುಗಳನ್ನು (ವಾಲ್ವ್, ಪಿಸ್ಟನ್ ತಾಳ ತಪ್ಪದಿರಲು ಇರುವ ಗುರುತು) ಕೂಡಿಸಿ ಫೋಟೋ ತೆಗೆದುಕೊಂಡು, ಟೈಮಿಂಗ್ ಬೆಲ್ಟ್ ಕಳಚಿದೆ. ಹೆಡ್ ಬೋಲ್ಟನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಸಡಿಲಿಸಬೇಕು. ಅದೂ ಹೊರಗಿನವುಗಳಿಂದ ಶುರು ಮಾಡಿ ನಡುವಿನ ಕಡೆಗೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ. ಬಿಸಿ ಇರುವಾಗ ಅಥವಾ ಒಂದೇ ಮೂಲೆಯಿಂದ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಬಾಗುವ ಅಪಾಯ ಇದೆ.

ಹೆಡ್ ತೆಗೆದಾಗ ಹಳೇ ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಕರ‍್ರಗೆ ಸುಟ್ಟು, ಪಕ್ಕದ ನೀರಿನ ತೂತಿನವರೆಗೂ ದಾರಿ ಮಾಡಿಕೊಂಡಿತ್ತು. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿದೆ. 0.05 ಮಿ.ಮೀ. ಪಟ್ಟಿ ಕೆಳಗೆ ನುಸುಳಿತು. ಸುಜುಕಿಯವರ ಮಿತಿ ಅಷ್ಟೇ. ಲೇತ್ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯರು ಬೆರಳಾಡಿಸಿ ನೋಡಿ, "ಜಾಸ್ತಿ ತೆಗೆಯೋದು ಬೇಡ ಬಿಡಿ, ಮಟ್ಟ ಬರೋಷ್ಟು ಸಾಕು" ಅಂದರು. ಸರಿಯಾದ ಮಾತು. ಹೆಚ್ಚು ಕೆರೆದಷ್ಟೂ ಕಂಪ್ರೆಷನ್ ಏರುತ್ತದೆ, ಆಮೇಲೆ ಎಂಜಿನ್ ನಾಕಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದೆ ಬಡಿಯುವ ಸದ್ದು) ಶುರು ಮಾಡುತ್ತದೆ.

ಈಗ ಬೋಲ್ಟಿಗೆ ಬರೋಣ. ಹೆಡ್ಡನ್ನು ಒತ್ತಿ ಹಿಡಿಯುವುದು ನಾವು ತಿರುಗಿಸಿದ ಬಲ ಅಲ್ಲ, ಬೋಲ್ಟ್ ಒಂದಿಷ್ಟು ಎಳೆದುಕೊಂಡು ಉದ್ದವಾಗುವುದು. ಎಳೆದ ರಬ್ಬರ್ ಬ್ಯಾಂಡ್ ಹಾಗೆ ಅದು ವಾಪಸ್ ಜಗ್ಗುತ್ತಿರುತ್ತದೆ. ಟಾರ್ಕ್ ರೆಂಚ್ ಈ ಎಳೆತವನ್ನು ಅಳೆಯುವುದಿಲ್ಲ. ತಿರುಗಿಸಲು ಎಷ್ಟು ಬಲ ಬೇಕಾಯಿತು ಅನ್ನುವುದನ್ನಷ್ಟೇ ಹೇಳುತ್ತದೆ. ಆ ಬಲದಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಭಾಗ ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ಎಳೆತಕ್ಕೆ ಸಿಗುವುದು ಸುಮಾರು 10 ಭಾಗ. ಥ್ರೆಡ್ಡಿನಲ್ಲಿ ತುಕ್ಕೋ ಕಾರ್ಬನ್ನೋ ಇದ್ದರೆ, ಹೊಂದಿಸಿಟ್ಟ ಟಾರ್ಕ್ ಬಂತು ಅಂತ ರೆಂಚ್ 'ಟಕ್' ಅನ್ನುತ್ತದೆ, ಬೋಲ್ಟ್ ಮಾತ್ರ ಸಡಿಲವೇ.

ಅದಕ್ಕೇ ಪ್ರತಿ ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿ ತಂತಿ ಬ್ರಷ್‌ನಿಂದ ಉಜ್ಜಿದೆ. ಬ್ಲಾಕಿನ ತೂತಿಗೆ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಲಿಲ್ಲ, ಅದು ಒಳ್ಳೇ ಥ್ರೆಡ್ಡನ್ನೂ ಕತ್ತರಿಸಿಬಿಡಬಹುದು. ಒಂದು ಹಳೇ ಬೋಲ್ಟಿಗೆ ಉದ್ದಕ್ಕೆ ಗರಗಸದಿಂದ ಗೀರು ಹಾಕಿ, ಅದನ್ನೇ ಕೈಯಲ್ಲಿ ತಿರುಗಿಸಿ ಕೊಳೆ ಹೊರಗೆ ತಂದೆ. ಆಮೇಲೆ ಗಾಳಿ ಊದಿಸಿದೆ. ತೂತಿನ ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಇಳಿದಂತೆ ಅದಕ್ಕೆ ಹೋಗಲು ಜಾಗ ಇರಲ್ಲ. ಬ್ಲಾಕೇ ಸೀಳಬಹುದು. ಕೊನೆಗೆ ಥ್ರೆಡ್ಡಿಗೂ ತಲೆಯ ಅಡಿಗೂ ಒಂದೊಂದು ಹನಿ ಎಂಜಿನ್ ಆಯಿಲ್.

ಗ್ಯಾಸ್ಕೆಟ್ಟಿಗೆ ಏನೂ ಬಳಿಯಲಿಲ್ಲ. ಗಮ್ ಹಚ್ಚುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಮೈ ಮಟ್ಟವಾಗಿ, ಒಣಗಿ, ಚೊಕ್ಕಟವಾಗಿದ್ದರೆ ಅದು ಬೇಕಿಲ್ಲ. ಗಮ್ ಹಿಂಡಿಕೊಂಡು ಎಣ್ಣೆ ದಾರಿ ಮುಚ್ಚಿದರೆ ಅದು ಇನ್ನೊಂದು ತಲೆನೋವು. ಗ್ಯಾಸ್ಕೆಟ್ ಮೇಲಿನ 'ಟಾಪ್' ಗುರುತು ಮೇಲ್ಮುಖವಾಗಿ, ಕ್ರ್ಯಾಂಕ್ ಪುಲ್ಲಿ ಕಡೆಗೆ ಬರಬೇಕು.

ಈ ಎಂಜಿನ್ನಿನ ಹೆಡ್ ಬೋಲ್ಟಿಗೆ ಟಾರ್ಕ್ 5.5ರಿಂದ 6 ಕೆಜಿ-ಮೀಟರ್. 30 ಸೆಂ.ಮೀ. ಹಿಡಿಕೆಯ ತುದಿಯಲ್ಲಿ 20 ಕೆಜಿ ಎಳೆದರೆ 6 ಆಗುತ್ತದೆ. ಕೇಳಲು ಸುಲಭ, ಆದರೆ ಕೈಯಂದಾಜಿಗೆ ಎಲ್ಲ ಬೋಲ್ಟಿಗೂ ಅದೇ 20 ಬರುವುದಿಲ್ಲ. ಈ ಸಲ ನಡುವಿನ ಬೋಲ್ಟಿನಿಂದ ಶುರು, ಹೊರಗಿನವಕ್ಕೆ ಸುತ್ತುತ್ತಾ. ಮೊದಲ ಸುತ್ತು 2, ಮುಂದಿನದು 4, ಕೊನೆಯದು 6. ಎಳೆತ ನಿಧಾನವಾಗಿ ಒಂದೇ ಸಮನಿರಬೇಕು. ಮಧ್ಯೆ ನಿಲ್ಲಿಸಿ ಮತ್ತೆ ಎಳೆದರೆ ನಿಂತ ಬೋಲ್ಟ್ ಕದಲಲು ಜಾಸ್ತಿ ಬಲ ಬೇಡುತ್ತದೆ, ರೆಂಚ್ ಮೊದಲೇ 'ಟಕ್' ಅಂದುಬಿಡುತ್ತದೆ. ಹಾಗೆ ನಿಂತರೆ ಆ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಮತ್ತೆ ಎಳೆಯಿರಿ.

ಈಗಿನ ಹಲವು ಕಾರುಗಳ ಲೆಕ್ಕ ಬೇರೆ. ಮೊದಲು ಕಡಿಮೆ ಟಾರ್ಕ್, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸು ಅಂತ ಇರುತ್ತದೆ. ಅಂಥ ಹಲವು ಬೋಲ್ಟ್‌ಗಳು ಒಮ್ಮೆ ಎಳೆದುಕೊಂಡರೆ ಮುಗಿಯಿತು, ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ನಿಮ್ಮ ಗಾಡಿಯ ಮ್ಯಾನುಯಲ್ ನೋಡದೆ ನನ್ನ 6 ಅನ್ನು ಅದಕ್ಕೆ ಅನ್ವಯಿಸಬೇಡಿ.

ಬೆಲ್ಟ್ ಹೊಸದು ಹಾಕಿದೆ, ಹೇಗೂ ಬಿಚ್ಚಿದ್ದೆ ಅಲ್ವಾ. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಪಾನಾದಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತವಾ ನೋಡಿದೆ. ವಾಲ್ವ್ ಸಂದು ಹೊಂದಿಸಿದೆ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ತುಂಬಿ, ಗಾಳಿ ಹೊರಗೆ ಹೋಗುವವರೆಗೆ ಕ್ಯಾಪ್ ತೆಗೆದೇ ನಿಂತಲ್ಲೇ ಎಂಜಿನ್ ಓಡಿಸಿದೆ. ಗುಳ್ಳೆ ನಿಂತವು. ಥರ್ಮೋ ಸ್ವಿಚ್ ಕೆಲಸ ಮಾಡಿ ಫ್ಯಾನ್ ತಿರುಗುವವರೆಗೂ ಎಂಜಿನ್ ಆಫ್ ಮಾಡಲಿಲ್ಲ. ಸ್ವಲ್ಪ ದಿನ ಓಡಿಸಿ, ರಾತ್ರಿಯೆಲ್ಲ ತಣ್ಣಗಾದ ಮೇಲೆ ಅದೇ ಕ್ರಮದಲ್ಲಿ ಒಂದೊಂದೇ ಬೋಲ್ಟ್ ತುಸು ಸಡಿಲಿಸಿ ಮತ್ತೆ 6ಕ್ಕೆ ತಂದೆ. ಒಂದೆರಡು ಬೋಲ್ಟ್ ಮೊದಲಿಗಿಂತ ಸ್ವಲ್ಪ ಮುಂದೆ ತಿರುಗಿದವು.